ಪಾಲಿಅಕ್ರಿಲಮೈಡ್ ಬದಲಿಗೆ ಕೈಟೋಸಾನ್: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ತಮ್ಮ ತ್ಯಾಜ್ಯನೀರು ಸಂಸ್ಕರಣಾ ಘಟಕಗಳಿಗೆ ಇದುವರೆಗೆ ಪೂರೈಸುತ್ತಿದ್ದ, ನೀರಿನ ಕೊಳೆಯನ್ನು ಗರಣೆ ಕಟ್ಟಿಸಿ ಬೇರ್ಪಡಿಸುವ ಪಾಲಿಅಕ್ರಿಲಮೈಡ್ ಪುಡಿಯನ್ನು ಹಂತಹಂತವಾಗಿ ಕಡಿಮೆ ಮಾಡಿ, ಅದರ ಬದಲಿಗೆ ಕೈಟೋಸಾನ್ ಎಂಬ ಜೈವಿಕ ಮೂಲದ ಪಾಲಿಮರನ್ನು ಕೊಡಲು ನಮ್ಮ ಸಹಕಾರ ಸಂಘವು ತೀರ್ಮಾನಿಸಿದೆ. ಹಳೆಯ ಪುಡಿಯ ಅಳತೆ ಮತ್ತು ಕ್ರಮ ಹೊಸದಕ್ಕೆ ಒಗ್ಗುವುದಿಲ್ಲವಾದ್ದರಿಂದ, ಮೊದಲ ಚೀಲ ಬಿಚ್ಚುವ ಮುನ್ನ ಈ ಪತ್ರವನ್ನು ಘಟಕ ನಡೆಸುವ ಸಿಬ್ಬಂದಿಗೂ ಓದಲು ಕೊಡಬೇಕೆಂದು ಕೋರುತ್ತೇವೆ.

ಪಾಲಿಅಕ್ರಿಲಮೈಡ್ ಕೆಲಸ ಮಾಡುವುದಿಲ್ಲ ಎಂಬುದು ಈ ಬದಲಾವಣೆಗೆ ಕಾರಣವಲ್ಲ. ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಪೆಟ್ರೋಲಿಯಂ ಮೂಲದ ಆ ಪಾಲಿಮರ್ ಕೆಸರಿನಲ್ಲಿ ಬಹುಕಾಲ ಕೊಳೆಯದೆ ಉಳಿಯುತ್ತದೆ. ಪಾಲಿಮರ್ ತಾನೇ ಅಷ್ಟು ವಿಷಕಾರಿಯಲ್ಲದಿದ್ದರೂ, ತಯಾರಿಕೆಯಲ್ಲಿ ಅಲ್ಪ ಪ್ರಮಾಣದಲ್ಲಿ ಉಳಿದುಬಿಡುವ ಅದರ ಕಚ್ಚಾವಸ್ತುವಾದ ಅಕ್ರಿಲಮೈಡನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1994ರಲ್ಲಿ, ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವಿರುವ ವಸ್ತುಗಳ 2ಎ ಗುಂಪಿಗೆ ಸೇರಿಸಿದೆ.

ಕೈಟೋಸಾನ್ ತಯಾರಾಗುವುದು ಸೀಗಡಿ ಮತ್ತು ಏಡಿಗಳ ಚಿಪ್ಪಿನಿಂದ. ಚಿಪ್ಪಿನ ಸುಣ್ಣದಂಶವನ್ನು ಆಮ್ಲದಿಂದಲೂ ಪ್ರೋಟೀನನ್ನು ಕ್ಷಾರದಿಂದಲೂ ತೆಗೆದರೆ ಕೈಟಿನ್ ಉಳಿಯುತ್ತದೆ. ಅದನ್ನು ಸಾಂದ್ರ ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿ ಅಸಿಟೈಲ್ ಗುಂಪುಗಳನ್ನು ಕಳಚಿದಾಗ ಕೈಟೋಸಾನ್ ಸಿಗುತ್ತದೆ. ಜೈವಿಕ ಮೂಲದ್ದು ಎಂದ ಮಾತ್ರಕ್ಕೆ ರಾಸಾಯನಿಕದ ಸೋಂಕಿಲ್ಲದೆ ಬಂದದ್ದೆಂದು ಯಾರೂ ಭಾವಿಸಬಾರದೆಂದೇ ಇಷ್ಟು ವಿವರ ಬರೆದಿದ್ದೇವೆ. ಅಸಿಟೈಲ್ ಗುಂಪುಗಳು ಕಳಚಿದ ಜಾಗದಲ್ಲಿ ಅಮೈನ್ ಗುಂಪುಗಳು ತೆರೆದುಕೊಳ್ಳುತ್ತವೆ. ಅವು ಆಮ್ಲೀಯ ನೀರಿನಲ್ಲಿ ಧನ ವಿದ್ಯುದಂಶ ಪಡೆದು, ಋಣ ವಿದ್ಯುದಂಶವುಳ್ಳ ಮಣ್ಣಿನ ಕಣ, ಜಿಡ್ಡಿನ ಹನಿ ಹಾಗೂ ಬಟ್ಟೆಗೆ ಹಾಕುವ ರಿಯಾಕ್ಟಿವ್ ಬಣ್ಣಗಳನ್ನು ಸೆಳೆದು, ಹಾಲು ಒಡೆದಾಗ ಆಗುವಂತೆ ಗರಣೆ ಕಟ್ಟಿಸುತ್ತವೆ. ಎಷ್ಟು ಭಾಗ ಅಸಿಟೈಲ್ ಕಳಚಿದೆ ಎಂಬ ಪ್ರಮಾಣವನ್ನು ಇನ್ನು ಮುಂದೆ ಪ್ರತಿ ಚೀಲದ ಮೇಲೂ ಮುದ್ರಿಸುತ್ತೇವೆ.

ಬಳಕೆಯಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ. ಕೈಟೋಸಾನ್ ಬರಿಯ ನೀರಿನಲ್ಲಿ ಕರಗುವುದಿಲ್ಲ. ಶೇಕಡಾ 1ರ ಅಸಿಟಿಕ್ ಆಮ್ಲದಲ್ಲಿ ಕಲಕುತ್ತಾ ಕರಗಿಸಬೇಕು. ಘಟಕದ ನೀರಿನ ಪಿಎಚ್ ಸುಮಾರು 6.5ನ್ನು ಮೀರುತ್ತಾ ಹೋದಂತೆ ಪಾಲಿಮರಿನ ವಿದ್ಯುದಂಶ ಕುಗ್ಗಿ, ಅದರ ಸೆಳೆಯುವ ಶಕ್ತಿಯೂ ಇಳಿಯುತ್ತದೆ. ಪ್ರಮಾಣ ಹೆಚ್ಚಿಸಿ ಆ ಕೊರತೆ ತುಂಬುತ್ತೇವೆಂದು ಹೊರಟರೆ ಫಲವಿಲ್ಲ. ಪಿಎಚ್ ಸರಿಯಿರುವ ನೀರಿನಲ್ಲಿಯೂ ಅಗತ್ಯಕ್ಕಿಂತ ಹೆಚ್ಚು ಹಾಕಿದರೆ ಕಣಗಳೆಲ್ಲ ಧನ ವಿದ್ಯುದಂಶ ಹೊತ್ತು ಒಂದನ್ನೊಂದು ದೂಡಿ, ತಿಳಿಯಾಗಬೇಕಾದ ನೀರು ಮತ್ತೆ ಕದಡುತ್ತದೆ. ಆದ್ದರಿಂದ ಹಳೆಯ ಡೋಸಿಂಗ್ ಪಂಪಿನ ಅಳತೆಯನ್ನು ಬದಿಗಿಟ್ಟು, ತಮ್ಮ ನೀರಿನಲ್ಲೇ ಜಾರ್ ಟೆಸ್ಟ್ (ಹಲವು ಪಾತ್ರೆಗಳಲ್ಲಿ ಬೇರೆಬೇರೆ ಪ್ರಮಾಣ ಹಾಕಿ ನೋಡುವ ಪರೀಕ್ಷೆ) ಮಾಡಿ ಪ್ರಮಾಣವನ್ನು ನಿಗದಿಪಡಿಸಬೇಕು. ಕರಗಿಸಿಟ್ಟ ದ್ರಾವಣದ ಸ್ನಿಗ್ಧತೆ ದಿನಕಳೆದಂತೆ ಇಳಿಯುವುದರಿಂದ ಬೇಕಾದಷ್ಟನ್ನೇ ತಯಾರಿಸಿಕೊಳ್ಳುವುದು ಒಳ್ಳೆಯದು.

ಕ್ಷಾರೀಯ ನೀರು ಬರುವ ಘಟಕಗಳು ಸದ್ಯಕ್ಕೆ ಬದಲಾಯಿಸದಿರುವುದೇ ಮೇಲೆಂಬುದು ನಮ್ಮ ಅಭಿಪ್ರಾಯ. ಕೈಟೋಸಾನಿಗಾಗಿಯೇ ಆಮ್ಲ ಸುರಿದು ಪಿಎಚ್ ಇಳಿಸಿದರೆ ನೀರಿನಲ್ಲಿ ಲವಣ ಹೆಚ್ಚುತ್ತದೆ; ಇಲ್ಲಿ ಉಳಿಸಿದ್ದನ್ನು ಅಲ್ಲಿ ಕಳೆದುಕೊಂಡಂತಾಗುತ್ತದೆ. ಧನ ವಿದ್ಯುದಂಶವುಳ್ಳ ಬಣ್ಣಗಳು, ಉದಾಹರಣೆಗೆ ಮಿಥಿಲೀನ್ ಬ್ಲೂ, ಇದಕ್ಕೆ ಸುಲಭವಾಗಿ ಅಂಟುವುದಿಲ್ಲ. ಇಂಥ ಗ್ರಾಹಕರಿಗೆ ಹಳೆಯ ಪುಡಿಯ ಪೂರೈಕೆ ಮುಂದುವರಿಯುತ್ತದೆ.

ತಾಮ್ರ, ಸೀಸದಂಥ ಲೋಹಗಳನ್ನು ತೆಗೆಯಬೇಕಾದವರು ದ್ರಾವಣವನ್ನು ನೆಚ್ಚಬಾರದು. ಅವರಿಗಾಗಿ ಅಡ್ಡಬಂಧ ಮಾಡಿದ, ಅಂದರೆ ಪಾಲಿಮರಿನ ಸರಪಳಿಗಳನ್ನು ಒಂದಕ್ಕೊಂದು ಬೆಸೆದ, ಕೈಟೋಸಾನ್ ಮಣಿಗಳನ್ನು ಕಾಲಮ್ಮಿನಲ್ಲಿ ತುಂಬುವಂತೆ ಕೊಡುತ್ತೇವೆ. ಅಡ್ಡಬಂಧದಿಂದ ಮಣಿಗಳು ಆಮ್ಲದಲ್ಲಿ ಕರಗದೆ ಉಳಿಯುತ್ತವೆ. ಆದರೆ ಅದಕ್ಕಾಗಿ ಕೆಲವು ಅಮೈನ್ ಗುಂಪುಗಳು ಖರ್ಚಾಗುವುದರಿಂದ ಲೋಹ ಹಿಡಿಯುವ ಸಾಮರ್ಥ್ಯ ಸ್ವಲ್ಪ ತಗ್ಗುತ್ತದೆ. ಲೋಹ ತುಂಬಿದ ಮಣಿಗಳನ್ನು ದುರ್ಬಲ ಆಮ್ಲದಿಂದ ತೊಳೆದು ಮತ್ತೆ ಬಳಸಬಹುದು. ಪಾಲಿಮರ್ ಕೊಳೆಯುವಂಥದ್ದಾದರೂ ಅದು ಹಿಡಿದ ಲೋಹ ಕೊಳೆಯುವುದಿಲ್ಲ. ತೊಳೆದ ಆಮ್ಲವನ್ನೂ ಲೋಹ ಸೇರಿದ ಕೆಸರನ್ನೂ ಅಪಾಯಕಾರಿ ತ್ಯಾಜ್ಯವೆಂದೇ ವಿಲೇವಾರಿ ಮಾಡಬೇಕು.

ಚಿಪ್ಪುಜೀವಿಗಳ ಅಲರ್ಜಿ ಇರುವ ಸಿಬ್ಬಂದಿಯನ್ನು ಪುಡಿ ಕರಗಿಸುವ ಕೆಲಸಕ್ಕೆ ಹಚ್ಚದಿರಿ. ಉಳಿದವರೂ ಮುಖಗವಸು ಧರಿಸಲಿ. ಮುಂದಿನ ಬೇಡಿಕೆ ಕಳುಹಿಸುವಾಗ ತಮ್ಮ ನೀರಿನ ಪಿಎಚ್ ಮತ್ತು ಅದರಲ್ಲಿರುವ ಮುಖ್ಯ ಮಾಲಿನ್ಯವನ್ನು ನಮೂದಿಸಿದರೆ, ಪುಡಿಯೋ ಮಣಿಯೋ ಅಥವಾ ಹಳೆಯದೇ ಸಾಕೋ ಎಂಬುದನ್ನು ತಿಳಿಸಿ, ಜಾರ್ ಟೆಸ್ಟಿಗೆ ಬೇಕಾದ ಮಾದರಿಯನ್ನು ಮೊದಲು ಕಳುಹಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ