ಸದಸ್ಯರ ಗಮನಕ್ಕೆ: ಈ ವಾರದ ವಿಷಯ 1975ರ ಬಾಂಚಿಯಾವ್ ಅಣೆಕಟ್ಟು ದುರಂತ

ಆತ್ಮೀಯ ಸದಸ್ಯರೇ,

ಮರೆವಿಗೆ ಸಂದ ಮಹಾದುರಂತಗಳ ಚರ್ಚೆಯಲ್ಲಿ ಈ ವಾರ ಚೀನಾದ ಹೆನಾನ್ ಪ್ರಾಂತ್ಯದ ಬಾಂಚಿಯಾವ್ ಅಣೆಕಟ್ಟನ್ನು ಎತ್ತಿಕೊಂಡಿದ್ದೇವೆ.

1975ರ ಆಗಸ್ಟ್‌ನಲ್ಲಿ ನೀನಾ ಚಂಡಮಾರುತ ಒಳನಾಡಿನಲ್ಲೇ ಬೀಡುಬಿಟ್ಟು, ಕೆಲವೆಡೆ ಮೂರೇ ದಿನಗಳಲ್ಲಿ 1,000 ಮಿಲಿಮೀಟರಿಗೂ ಮಿಕ್ಕಿದ ಮಳೆ ಸುರಿಸಿತು. ಸಾವಿರ ವರ್ಷಕ್ಕೊಮ್ಮೆ ಬರುವಂಥ ನೆರೆಯನ್ನೂ ತಡೆಯಬಲ್ಲದೆಂದು ನಂಬಲಾಗಿದ್ದ ಆ ಮಣ್ಣಿನ ಕಟ್ಟೆಯ ಮೇಲೆ ನೀರು ಉಕ್ಕಿ ಹರಿದು, ಆಗಸ್ಟ್ 8ರಂದು ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಅದು ಕೊಚ್ಚಿಹೋಯಿತು. ಆ ಪ್ರದೇಶದಲ್ಲಿ ಒಟ್ಟು 62 ಅಣೆಕಟ್ಟುಗಳು ಒಡೆದವು. ಸಂಪರ್ಕದ ತಂತಿಗಳು ಅಷ್ಟರಲ್ಲೇ ಕಡಿದುಹೋಗಿದ್ದರಿಂದ ಕೆಳಗಿನ ಹಳ್ಳಿಗಳಲ್ಲಿ ಅನೇಕರಿಗೆ ಎಚ್ಚರಿಕೆಯೇ ತಲುಪಲಿಲ್ಲ.

ಹೆಚ್ಚು ತೂಬುಗಳು ಬೇಕೆಂದು ಜಲತಜ್ಞ ಚೆನ್ ಶಿಂಗ್ ಮೊದಲೇ ವಾದಿಸಿದ್ದರು. ಅದು ಅತಿಯಾದ ಅಂಜಿಕೆಯೆಂದು ತಳ್ಳಿಹಾಕಿ ಅವರನ್ನೇ ಬದಿಗೆ ಸರಿಸಲಾಯಿತು. ನನ್ನ ದೃಷ್ಟಿಯಲ್ಲಿ ಮಳೆಗಿಂತ ಹೆಚ್ಚು ಚರ್ಚೆಯಾಗಬೇಕಾದದ್ದು ಇದೇ.

ಸಾವಿನ ಸಂಖ್ಯೆ ಬರೆಯುವಾಗ ದಯವಿಟ್ಟು ಎಚ್ಚರ ವಹಿಸಿ. ಅಧಿಕೃತ ಲೆಕ್ಕ ಸುಮಾರು 26,000. ನಂತರದ ಹಸಿವು ಮತ್ತು ಸಾಂಕ್ರಾಮಿಕ ರೋಗಗಳನ್ನೂ ಸೇರಿಸಿದ ಕೆಲವು ಅಂದಾಜುಗಳು ಎರಡು ಲಕ್ಷವನ್ನು ಮೀರುತ್ತವೆ. ಚೀನಾ ಸರ್ಕಾರ ಈ ವಿವರಗಳ ಗೋಪ್ಯತೆಯನ್ನು ತೆರವುಗೊಳಿಸಿದ್ದು 2005ರಲ್ಲಿ ಎಂಬುದನ್ನು ಗಮನದಲ್ಲಿಟ್ಟು, ಯಾವ ಅಂದಾಜನ್ನು ಬಳಸುತ್ತಿದ್ದೀರಿ ಎಂದು ಸ್ಪಷ್ಟವಾಗಿ ಬರೆಯಿರಿ. ಮೂಲ ತಿಳಿಯದ ಪ್ರವಾಹದ ಚಿತ್ರಗಳನ್ನು ಫಾರ್ವರ್ಡ್ ಮಾಡಬೇಡಿ. 2024ರಲ್ಲಿ ಕೊಚ್ಚಿಹೋದ ತುಂಗಭದ್ರಾ ಜಲಾಶಯದ 19ನೇ ಗೇಟಿನ ಪ್ರಸ್ತಾಪಕ್ಕೆ ಬೇರೊಂದು ವಾರವನ್ನೇ ಮೀಸಲಿಡೋಣ. ಬರಹಗಳನ್ನು ಶನಿವಾರ ಸಂಜೆಯೊಳಗೆ ಹಾಕಿರಿ.