ಯುಪಿಎಸ್ ಇದ್ದರೆ ಸಾಲದು, ಸರ್ವರ್‌ಗೆ ಸುದ್ದಿ ಮುಟ್ಟಬೇಕು

ಮಾನ್ಯರೆ,

ಮುಂಗಾರು ಹಿಡಿಯಿತೆಂದರೆ ಆಗುಂಬೆ, ಹೊಸನಗರ, ಸಾಗರದ ಕಡೆ ತಂತಿಯ ಮೇಲೆ ಮರ ಉರುಳುವುದು, ಕರೆಂಟ್ ಹೋಗುವುದು ಇದ್ದದ್ದೇ. ಶರಾವತಿ ನಾಡಿಗೆಲ್ಲ ಬೆಳಕು ಕೊಟ್ಟರೂ ದೀಪದ ಬುಡ ಕತ್ತಲೆಯೇ. ಅದನ್ನು ದೂರುವ ಪತ್ರ ಇದಲ್ಲ. ಸಹಕಾರ ಸಂಘ, ಮಂಡಿ, ಕಾಲೇಜುಗಳಲ್ಲಿ ಯುಪಿಎಸ್ ಇದ್ದೂ ಡೇಟಾಬೇಸ್ ಕೆಡುವುದೇಕೆ ಎಂಬುದಷ್ಟೇ ವಿಷಯ.

ಯುಪಿಎಸ್‌ನ ಯುಎಸ್‌ಬಿ ಕೇಬಲ್ ಸಾಮಾನ್ಯವಾಗಿ ಒಂದೇ ಯಂತ್ರಕ್ಕೆ ಹೋಗುತ್ತದೆ. ಅದೇ ಯುಪಿಎಸ್‌ನಿಂದ ಓಡುವ ಉಳಿದ ಸರ್ವರ್‌ಗಳಿಗೆ ಬ್ಯಾಟರಿ ಮುಗಿಯುತ್ತಿರುವುದು ಗೊತ್ತೇ ಆಗುವುದಿಲ್ಲ. (ಮನೆಯ ಇನ್ವರ್ಟರ್ ತಂದಿಟ್ಟವರಿಗೆ ಬಹುಪಾಲು ಆ ಒಂದು ಕೇಬಲ್ಲೂ ಇರುವುದಿಲ್ಲ.) ಉಚಿತವಾಗಿ ಸಿಗುವ ‘ನೆಟ್‌ವರ್ಕ್ ಯುಪಿಎಸ್ ಟೂಲ್ಸ್’ ಎಂಬ ತಂತ್ರಾಂಶ ಇರುವುದೇ ಇದಕ್ಕೆ. ಕೇಬಲ್ ಇರುವ ಯಂತ್ರ ಪ್ರೈಮರಿ. ಉಳಿದವು ಸೆಕೆಂಡರಿ, 3493ನೇ ಪೋರ್ಟ್ ಮೂಲಕ ಅದನ್ನು ವಿಚಾರಿಸುತ್ತಿರುತ್ತವೆ. ನಡುವಿನ ನೆಟ್‌ವರ್ಕ್ ಸ್ವಿಚ್ಚನ್ನು ಗೋಡೆಯ ಪ್ಲಗ್ಗಿಗೆ ಹಾಕಿದ್ದರೆ ಎಲ್ಲವೂ ವ್ಯರ್ಥ. ಕರೆಂಟ್ ಹೋದ ಕ್ಷಣಕ್ಕೇ ಮಾತು ನಿಲ್ಲುತ್ತದೆ. ಅದೂ ಯುಪಿಎಸ್ ಮೇಲೆಯೇ ಇರಲಿ.

ಬ್ಯಾಟರಿ ತೀರಾ ಇಳಿದಾಗ ಪ್ರೈಮರಿ ಎಲ್ಲರಿಗೂ ‘ಮುಚ್ಚಿಕೊಳ್ಳಿ’ ಎಂಬ ಸೂಚನೆ ಕೊಟ್ಟು, ಸೆಕೆಂಡರಿಗಳು ಸಂಪರ್ಕ ಬಿಡಲೆಂದು, ನಾವು ಬದಲಿಸದಿದ್ದರೆ, ಹೆಚ್ಚೆಂದರೆ 15 ಸೆಕೆಂಡ್ ಕಾಯುತ್ತದೆ. ಎಡವಟ್ಟಾಗುವುದು ಇಲ್ಲೇ. ಸಂಪರ್ಕ ಬಿಟ್ಟದ್ದೆಂದರೆ ಯಂತ್ರ ಆಫ್ ಆಯಿತೆಂದಲ್ಲ. ಡೇಟಾಬೇಸ್ ಇನ್ನೂ ಡಿಸ್ಕಿಗೆ ಬರೆಯುತ್ತಿರಬಹುದು, ಅಷ್ಟರಲ್ಲೇ ಪ್ರೈಮರಿ ಮುಚ್ಚಿ ಯುಪಿಎಸ್ ಔಟ್‌ಪುಟ್ ಕಡಿದರೆ ಅದು ಕೆಡಬಹುದು. ಪ್ರೈಮರಿ ತಾನು ಮುಚ್ಚುವ ಮುನ್ನ ಕೊನೆಯದಾಗಿ ಕಾಯುವ ಅವಧಿ, ‘ಫೈನಲ್‌ಡಿಲೇ’, ನಾವು ಬದಲಿಸದಿದ್ದರೆ 5 ಸೆಕೆಂಡ್ ಮಾತ್ರ. ಡೇಟಾಬೇಸ್ ಮುಚ್ಚಲು 2 ನಿಮಿಷ ಬೇಕಿದ್ದರೆ ಅಷ್ಟು ಅಲ್ಲಿ ಕೊಡಿ. ಫೈಲ್‌ಗಳನ್ನು ಹಂಚುವ ಸ್ಟೋರೇಜ್ ಯಂತ್ರವನ್ನೇ ಪ್ರೈಮರಿ ಮಾಡಿದರೆ ಅದು ಕೊನೆಗೆ ಮುಚ್ಚುತ್ತದೆ, ಬರೆಯುತ್ತಿರುವವರ ಕಾಲಡಿಯ ನೆಲ ಕುಸಿಯುವುದಿಲ್ಲ.

ಹಳೆಯ ಬ್ಯಾಟರಿ ತೋರಿಸುವ ಶೇಕಡಾ ಲೆಕ್ಕ ನಂಬಬಾರದು. ಸೀಲ್ಡ್ ಲೆಡ್ ಆ್ಯಸಿಡ್ ಬ್ಯಾಟರಿಯ ಆಯುಷ್ಯ ಸಾಮಾನ್ಯವಾಗಿ 3ರಿಂದ 5 ವರ್ಷ. ಆಮೇಲೆ 40 ತೋರಿಸುತ್ತಿದ್ದದ್ದು ಒಮ್ಮೆಗೇ ಸೊನ್ನೆಯಾದೀತು. ಹಾಗಾಗಿ ‘ಬ್ಯಾಟರಿ ಲೋ’ಗೆ ಕಾಯದೆ, ಕರೆಂಟ್ ಹೋಗಿ 5 ನಿಮಿಷವಾದರೆ ಮುಚ್ಚು ಎಂದು ಅದೇ ತಂತ್ರಾಂಶದ ‘ಯುಪಿಎಸ್‌ಶೆಡ್’ (upssched) ಟೈಮರ್ ಇಡುವುದು ಮೇಲು. ಅಷ್ಟರಲ್ಲಿ ಕರೆಂಟ್ ಬಂದರೆ ಟೈಮರ್ ರದ್ದಾಗುವಂತೆ ಬರೆಯಬೇಕು. ನಮ್ಮಲ್ಲಿ ಕಣ್ಣುಮುಚ್ಚಾಲೆಯೇ ಹೆಚ್ಚಲ್ಲವೇ!

ಸರ್ವರ್‌ಗಳು ಮುಚ್ಚುತ್ತಿರುವಾಗಲೇ ಕರೆಂಟ್ ಬಂದರೆ? ಆಗಲೂ ಯುಪಿಎಸ್ ಒಮ್ಮೆ ಔಟ್‌ಪುಟ್ ಕಡಿದು ಮತ್ತೆ ಕೊಡಬೇಕು. ಇಲ್ಲದಿದ್ದರೆ ಯಂತ್ರವನ್ನು ಏಳಿಸುವ ಮೂಲ ತಂತ್ರಾಂಶವಾದ ಬಯೋಸ್‌ನಲ್ಲಿ ‘ಕರೆಂಟ್ ಬಂದಾಗ ಆನ್ ಆಗು’ ಎಂದಿಟ್ಟಿದ್ದರೂ ಯಂತ್ರ ಏಳುವುದಿಲ್ಲ, ಬೆಳಿಗ್ಗೆ ಯಾರಾದರೂ ಹೋಗಿ ಗುಂಡಿ ಒತ್ತಬೇಕು. ಯುಪಿಎಸ್ ಔಟ್‌ಪುಟ್ ಮತ್ತೆ ಕೊಡುವ ಮುನ್ನ ಕಾಯುವ ‘ಆನ್‌ಡಿಲೇ’ ಯಾವಾಗಲೂ, ಕಡಿಯುವ ಮುನ್ನ ಕಾಯುವ ‘ಆಫ್‌ಡಿಲೇ’ಗಿಂತ ಹೆಚ್ಚಿರಲಿ. ಯುಪಿಎಸ್ ಒಪ್ಪಿದರೆ ‘ಆನ್‌ಡಿಲೇ’ಗೆ 180 ಸೆಕೆಂಡ್ ಕೊಡಿ, ಎದ್ದ ಕೂಡಲೇ ಮತ್ತೆ ಬೀಳುವುದು ಕಡಿಮೆಯಾಗುತ್ತದೆ.

ಮೇ ತಿಂಗಳಲ್ಲೇ, ಬ್ಯಾಕಪ್ ತೆಗೆದಿಟ್ಟು, ಒಮ್ಮೆ ಪರೀಕ್ಷಿಸಿ. ಯುಪಿಎಸ್‌ನ ಪ್ಲಗ್ ಕೀಳಬೇಡಿ, ಅರ್ಥಿಂಗ್ ತಪ್ಪುತ್ತದೆ. ಅದಕ್ಕೆ ಕರೆಂಟ್ ಕೊಡುವ ಎಂಸಿಬಿ ಇಳಿಸಿ, ಗಡಿಯಾರ ಹಿಡಿದು ಯಾವ ಯಂತ್ರ ಎಷ್ಟು ಸೆಕೆಂಡಿಗೆ ಆರುತ್ತದೆ ಎಂದು ಬರೆದುಕೊಳ್ಳಿ.

– ಸರ್ವರ್ ನಿರ್ವಾಹಕರು, ಶಿವಮೊಗ್ಗ