ಟ್ರೇ ಬೀಳಿಸಿದವರು ಯಾರು?

ಪ್ರಿಯ ಕಿರಿಯ ಮಿತ್ರರೇ,

ಪ್ರವಾಸಿ ಹಡಗಿನಲ್ಲಿ ವೇಟರ್ ಆಗಿದ್ದ ದಿನಗಳ ಕುರಿತು ನೀವು ಕಳುಹಿಸಿದ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಕಾಗುಣಿತ, ಅಧ್ಯಾಯಗಳ ವಿಂಗಡಣೆ, ಪ್ರಕಾಶಕರ ವಿಳಾಸ ಇವನ್ನೆಲ್ಲ ಯಾರಾದರೂ ಹೇಳಿಕೊಟ್ಟಾರು. ನನ್ನ ತಕರಾರು ನಿಮ್ಮ ನಗೆಯ ಬಗ್ಗೆ.

"ಮಿಡ್‌ನೈಟ್ ಬಫೆ ಎಷ್ಟು ಗಂಟೆಗೆ?" ಎಂದ ಪ್ರಯಾಣಿಕನನ್ನಾಗಲಿ, "ಸಿಬ್ಬಂದಿಯೂ ಹಡಗಿನಲ್ಲೇ ಮಲಗುತ್ತಾರೆಯೇ?" ಎಂದ ಅಜ್ಜಿಯನ್ನಾಗಲಿ ನೀವು ಕಂಡಿಲ್ಲ ಮಾರಾಯರೇ. 1994ರಲ್ಲಿ ನಾನು ಮಯಾಮಿಯಲ್ಲಿ ಹಡಗು ಹತ್ತಿದ ಮೊದಲ ರಾತ್ರಿಯೇ ಸಿಬ್ಬಂದಿಯ ಊಟದ ಕೋಣೆಯಾದ ಕ್ರೂ ಮೆಸ್ಸಿನಲ್ಲಿ ಈ ಎರಡೂ ಜೋಕುಗಳನ್ನು ಕೇಳಿದ್ದೆ. ಆಗಲೇ ಅವು ಹಳಸಿದ್ದವು. ಆದರೆ ಬೇಕ್ಡ್ ಅಲಾಸ್ಕಾ ಎಂಬ ಐಸ್‌ಕ್ರೀಮ್ ಸಿಹಿಯ ಮೆರವಣಿಗೆಯ ಪುಟ ನಿಮ್ಮದೇ. ದೀಪ ಆರಿಸಿದ ಡೈನಿಂಗ್ ಹಾಲಿನಲ್ಲಿ ಆ ಸಿಹಿಯ ಗುಡ್ಡವನ್ನು ತಲೆಯ ಮೇಲೆತ್ತಿ ಕುಣಿಯುವಾಗ, ಐಸ್‌ಕ್ರೀಮ್ ಕರಗಿ ಅಂಗಿಯ ತೋಳಿನೊಳಗೆ ಇಳಿದು ಮೊಣಕೈ ಮುಟ್ಟಿದರೂ ಹಲ್ಲು ಕಿರಿಯುತ್ತಲೇ ಇರಬೇಕಾದ ನಿಮ್ಮ ಪಾಡನ್ನು ಓದಿ ಒಬ್ಬನೇ ಕುಳಿತು ನಕ್ಕೆ.

ನನ್ನದೊಂದು ಹಳೆಯ ಸಾಲ ತೀರದೆ ಉಳಿದಿದೆ. ಸಾಲಡ್ ತಂದಾಗ ಮಹಿಳೆಯೊಬ್ಬರು ಅದಕ್ಕೆ ಹಾಕುವ ಡ್ರೆಸಿಂಗ್ ಎಂಬ ಸಾಸ್ "ಆನ್ ದ ಸೈಡ್" ಇರಲಿ ಎಂದರು. ಪುಟ್ಟ ಬಟ್ಟಲಲ್ಲಿ ಬೇರೆಯಾಗಿ ಕೊಡಬೇಕೆಂದು ತಿಳಿಯದೆ, ತಟ್ಟೆಯ ಬಲ ಅಂಚಿನುದ್ದಕ್ಕೂ ಬಲು ನಾಜೂಕಾಗಿ ಸುರಿದೆ. ಅವರು "ನೋ, ನೋ, ಆನ್ ದ ಸೈಡ್" ಎಂದಾಗ ಎಡ ಅಂಚಿಗೂ ಸುರಿದೆ. ಊರಿಗೆ ಮರಳಿ ಇದನ್ನು ಬರೆಯುವಾಗ ಆ ಪೆದ್ದುತನವನ್ನು ಕ್ಯಾಬಿನ್ ಜೊತೆಗಾರನ ತಲೆಗೆ ಕಟ್ಟಿದೆ. ನನಗೆ ಕಡಲಬೇನೆ ಹಿಡಿದ ವಾರ ಕೆಳಗಿನ ಬಂಕಿಗೆ ಹಸಿರು ಸೇಬು, ಉಪ್ಪು ಬಿಸ್ಕತ್ತು ತಂದಿಟ್ಟು, ನನ್ನ ಮೇಜುಗಳನ್ನೂ ತಾನೇ ನೋಡಿಕೊಂಡು, ಕೊನೆಯ ರಾತ್ರಿ ಬಂದ ಟಿಪ್ಸ್ ಲಕೋಟೆಗಳನ್ನು ಒಡೆಯದೆ ನನ್ನ ದಿಂಬಿನಡಿ ಇರಿಸಿದ್ದವನು ಅವನು. ಲೇಖನ ಅಚ್ಚಾಯಿತು, ಓದಿದವರು ನಕ್ಕರು, ಶಹಬ್ಬಾಸ್‌ಗಿರಿಯೆಲ್ಲ ನಾನೇ ಬಾಚಿಕೊಂಡೆ. ಅವನಿಗೆ ಕನ್ನಡ ಬಾರದೆಂಬುದೇ ನನ್ನ ಧೈರ್ಯವಾಗಿತ್ತು.

ನಿಮ್ಮ ಏಳನೆಯ ಅಧ್ಯಾಯದಲ್ಲಿ, ಎರಡನೆಯ ಸೀಟಿಂಗ್, ಅಂದರೆ ರಾತ್ರಿಯೂಟದ ಎರಡನೆಯ ಪಂಕ್ತಿ, ನಡೆಯುವಾಗ ಹಡಗು ಹೊಯ್ದಾಡಿ, ಹನ್ನೆರಡು ತಟ್ಟೆಗಳ ಟ್ರೇ ಬೀಳಿಸಿದವನು "ಒಬ್ಬ ಫಿಲಿಪಿನೋ ಹುಡುಗ" ಎಂದಿದ್ದೀರಿ. ಆದರೆ ಅದು ಹೆಗಲಿನಿಂದ ಜಾರುವ ಮುನ್ನ ಸ್ಟೀಲ್ ಮುಚ್ಚಳಗಳು ಕಿವಿಯ ಪಕ್ಕದಲ್ಲೇ ಸಣ್ಣಗೆ ಕಟಕಟ ಎಂದವೆಂದೂ ಬರೆದಿದ್ದೀರಿ. ಮುನ್ನೂರು ಜನ ಊಟಕ್ಕೆ ಕುಳಿತ ಹಾಲಿನಲ್ಲಿ, ದೂರ ನಿಂತು ನೋಡಿದವರಿಗೆ ಆ ಸದ್ದು ಕೇಳಿಸದು.

ಆ ಅಧ್ಯಾಯವೊಂದನ್ನು ಮತ್ತೆ ಬರೆದು ಕಳುಹಿಸಿ. ಕಾಯುತ್ತಿರುತ್ತೇನೆ.

ಇತಿ, ನಿಮ್ಮ ಹಿತೈಷಿ